ಟೊರೆಲ್ಲೋನ ಎಡಗೈ

ಇಂಪ್ರುನೇತಾ ಊರಿನ ಆಚೆ ಗುಡ್ಡದ ಮೇಲಿರುವ ನಮ್ಮ ಚಿಕ್ಕ ಚರ್ಚಿನ ಕೀಲಿ ಮೂವತ್ತೆಂಟು ವರ್ಷಗಳಿಂದ ಆರ್ಮಿದಾಳ ಹತ್ತಿರವೇ ಇದೆ. ಐದು ಜನ ಪಾದ್ರಿಗಳು ಬಂದುಹೋದರು. ಕೀಲಿ ಮಾತ್ರ ಅವಳ ಸೊಂಟ ಬಿಡಲಿಲ್ಲ. ಒಳಗೆ ಆಳೆತ್ತರದ, ಸುಟ್ಟ ಮಣ್ಣಿನ ಸಂತ ಕ್ರಿಸ್ತೋಫರ್, ದಾರಿಹೋಕರನ್ನು ಕಾಯುವವನು, ದೊಣ್ಣೆ ಹಿಡಿದು ನಿಂತಿದ್ದ. ಹೆಗಲ ಮೇಲೆ ಅವನು ಹೊಳೆ ದಾಟಿಸಿದ ಮಗು ಇರಬೇಕಾದಲ್ಲಿ ಯಾವುದೋ ಪ್ರಾಣಿಯ ಚರ್ಮವಿತ್ತು. ಮೇಣದಬತ್ತಿ ಹಚ್ಚಲು ಬರುವ ಲಾರಿಯವರು ಅಷ್ಟೆಲ್ಲ ನೋಡುವುದಿಲ್ಲ.

ಒಮ್ಮೆ ಜೇಡರಬಲೆ ತೆಗೆಯಲು ಹೋಗಿ ಆರ್ಮಿದಾ ಪೊರಕೆಯ ಕೋಲಿನಿಂದ ಸಂತನ ಎಡಗೈ ಉದುರಿಸಿದಳು. ಕೈ ಪುಡಿಪುಡಿ. ಅವಳ ಗಂಡ ಟೊರೆಲ್ಲೋ ಹೂಕುಂಡ ಸುಡುವ ಭಟ್ಟಿಯಲ್ಲಿ ಕೂಲಿಯವನು. ತನ್ನದೇ ಎಡಗೈಯನ್ನು ಮೇಜಿನ ಮೇಲಿಟ್ಟು ನೋಡಿಕೊಂಡು, ಬಲಗೈಯಿಂದ ಮಣ್ಣು ತಿದ್ದಿ, ಹೊಸದೊಂದನ್ನು ಮಾಡಿ ಸುಟ್ಟು ಅಂಟಿಸಿದ. ಭಟ್ಟಿಯ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದ ತನ್ನ ಕಿರುಬೆರಳನ್ನೂ ಹಾಗೇ ಮಾಡಿದ. ಹಳೆಯದಾಗಿ ಕಾಣಲೆಂದು ಬಳಿದದ್ದು ನನ್ನ ಅಂಗಡಿಯ ಕಾಫಿ ಗಸಿ. ಪಾದ್ರಿಯ ಬೈಗುಳಕ್ಕೆ ಹೆದರಿ ಮೂವರೂ ಬಾಯಿ ಹೊಲಿದುಕೊಂಡೆವು.

ಟೊರೆಲ್ಲೋ ತೀರಿಕೊಂಡ ಮೇಲೆ ಆರ್ಮಿದಾ ಚರ್ಚಿನಲ್ಲೇ ಹೆಚ್ಚು ಹೊತ್ತು ಇರತೊಡಗಿದಳು. ಭಕ್ತಿ ಹೆಚ್ಚಿತು ಎಂದರು ಜನ. ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ. ಆ ಕೈ ಹಿಡಿದುಕೊಂಡು ಮನೆಯ ಸಮಾಚಾರ ಹೇಳುತ್ತಿದ್ದಳು.

ಹೋದ ವರ್ಷ ಫ್ಲಾರೆನ್ಸಿನಿಂದ ಪ್ರೊಫೆಸರ್ ಗ್ವಿದಲೋತ್ತಿ ಬಂದರು. ಇವನು ಸಂತನೇ ಅಲ್ಲ, ಸಿಂಹದ ಚರ್ಮ ಹೊದ್ದ ಹರ್ಕ್ಯುಲಿಸ್ ಎಂದರು. ಮಾಡಿದವನೂ ಸಾಮಾನ್ಯನಲ್ಲ, ಐನೂರು ವರ್ಷದ ಹಿಂದಿನ ಮಹಾಶಿಲ್ಪಿ. ಆದ್ದರಿಂದ ಮೂರ್ತಿ ಫ್ಲಾರೆನ್ಸಿನ ಮ್ಯೂಸಿಯಮ್ಮಿಗೆ ಹೋಗಬೇಕು. ಆಧಾರ ಏನೆಂದು ಪಾದ್ರಿ ಕೇಳಿದರು.

"ಈ ಎಡಗೈ ನೋಡಿ ಫಾದರ್! ಈ ಸೊಟ್ಟ ಬೆರಳು! ಕುಂಡ ಮಾಡೋರಿಗೆಲ್ಲ ಬರೋ ವಿದ್ಯೆನಾ ಇದು?"

ಆರ್ಮಿದಾ ಮೂರ್ತಿಗೆ ಅಡ್ಡವಾಗಿ ನಿಂತಳು. "ಪ್ರೊಫೆಸರೇ, ಅದನ್ನ ಮಾಡಿದ್ದು ನನ್ನ ಗಂಡ. ಹಳೇ ಕೈ ಮುರಿದೋಳು ನಾನೇ. ಇವನನ್ನ ಇಲ್ಲೇ ಬಿಟ್ಟುಬಿಡಿ."

"ಹೌದು ಸ್ವಾಮಿ, ಕಾಫಿ ಗಸಿ ಕೊಟ್ಟೋನು ನಾನು," ಎಂದೆ.

ಪ್ರೊಫೆಸರ್ ಮಕ್ಕಳನ್ನು ನೋಡುವಂತೆ ನಮ್ಮಿಬ್ಬರನ್ನೂ ನೋಡಿದರು. "ಸಿನ್ಯೋರಾ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ಮೂರ್ತಿಯ ಹಿಮ್ಮಡಿ ಕೊರೆದು ಪುಡಿ ಪರೀಕ್ಷೆ ಮಾಡಿಸಿದ್ದೀವಿ. ಐನೂರು ವರ್ಷ ಹಳೇದು."

"ಹಿಮ್ಮಡಿ ಯಾಕ್ರೀ? ಕೈ ಕೊರೀರಿ!" ಎಂದಳು ಆರ್ಮಿದಾ.

"ಇಂಥ ಕೈಗೆ ತೂತು ಹಾಕೋದೇ? ಎಲ್ಲಾದರೂ ಉಂಟೇ!"

ನಲವತ್ತು ಪುಟದ ವರದಿ ಬಂತು, ಹನ್ನೊಂದು ಪುಟ ಕೈಯ ಬಗ್ಗೆಯೇ. ಜೀವಮಾನವಿಡೀ ಭಟ್ಟಿಯ ಮಾಲೀಕನಿಂದ ದಂಡಪಿಂಡ ಎನಿಸಿಕೊಂಡ ಟೊರೆಲ್ಲೋನಿಗೆ ಇಷ್ಟು ಹೊಗಳಿಕೆ! ನನಗೆ ನಗು ಬಂತು, ಸಿಟ್ಟೂ ಬಂತು. ಮೂರ್ತಿಯನ್ನು ಪೆಟ್ಟಿಗೆಗೆ ಹಾಕಿ ಒಯ್ದ ದಿನ ಆರ್ಮಿದಾ ಅಡುಗೆ ಮಾಡಲಿಲ್ಲ.

ತಿಂಗಳ ಮೊದಲ ಭಾನುವಾರ ಮ್ಯೂಸಿಯಮ್ಮಿಗೆ ಪುಕ್ಕಟೆ ಪ್ರವೇಶ. ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಹಗ್ಗ ಕಟ್ಟಿದ ಆವರಣದಲ್ಲಿ ಅವನು ನಿಂತಿದ್ದ, ಸುತ್ತ ಜನ. ನಾನು ಬೇಡ ಎನ್ನುವಷ್ಟರಲ್ಲಿ ಆರ್ಮಿದಾ ಹಗ್ಗದಡಿ ನುಸುಳಿ ಎಡಗೈ ಹಿಡಿದುಕೊಂಡಿದ್ದಳು. ಎಚ್ಚರಿಕೆಯ ಗಂಟೆ ಕಿರುಚಿತು. ಕಾವಲಿನ ಹೆಂಗಸು ಓಡಿಬಂದಳು.

"ಅಜ್ಜೀ, ಬಿಡಿ, ಬಿಡಿ! ಅದು ಯಾರ ಕೈ ಅಂತ ಗೊತ್ತಾ ನಿಮಗೆ?"

"ಗೊತ್ತು ಕಣಮ್ಮಾ," ಎಂದಳು ಆರ್ಮಿದಾ. ಕೈ ಬಿಡಲಿಲ್ಲ.