ನೂಲಿನ ಚೀಲದಲ್ಲಿ ಹೋದ ನಾಯಿ

ದೊಡ್ಡಾಕಿ, ಸಣ್ಣಾವ, ಈ ಹಾಳೆಗಳು ನಿಮಗೆ. ಮನೆಯಲ್ಲಿ ನಾನು ನಿಮ್ಮನ್ನು ಕರೆಯುವುದೇ ಹೀಗೆ, ಕಾಗದದ ಮೇಲೂ ಹೀಗೇ ಕರೆಯುತ್ತೇನೆ. ನಾನು ಓದಿದ್ದು ಕುರ್ತಕೋಟಿಯ ಕನ್ನಡ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಎದುರಿಗೆ ನಿಂತು ಮಾತಾಡುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ನಿಮ್ಮ ಅಜ್ಜ ಇದ್ದಾಗ ನನ್ನ ಮಾತನ್ನೂ ಅವರೇ ಆಡುತ್ತಿದ್ದರು. ಅವರು ಹೋದ ಮೇಲೆ ಹೇಳಬೇಕಾದದ್ದೆಲ್ಲ ಒಳಗೇ ಉಳಿಯತೊಡಗಿತು. ಹಾಗೆ ಉಳಿದದ್ದರಲ್ಲಿ ಒಂದು ನಿಮಗೆ ಸೇರಬೇಕಾದದ್ದು. ಲಕ್ಷ್ಮೇಶ್ವರದ ಆಯಿಯ, ಅಂದರೆ ನಿಮ್ಮವ್ವನ ತಾಯಿಯ, ಸಣ್ಣ ನಾಯಿಯನ್ನು ನಮ್ಮ ಮನೆಯಿಂದ ಯಾರು ಒಯ್ದರು ಎಂದು ನೀವು ತಿಳಿದಿದ್ದೀರಲ್ಲ, ಅದು ಖರೆ ಅಲ್ಲ.

ಮೊದಲಿನಿಂದ ಹೇಳುತ್ತೇನೆ. ರವಿವಾರ ನನ್ನದಾಗಿತ್ತು. ಉಳಿದ ಆರು ದಿನ ನೀವು ಶಾಲೆಗೆ, ಟ್ಯೂಷನ್ನಿಗೆ, ಟಿವಿಗೆ ಸೇರಿದವರು. ರವಿವಾರ ಮುಂಜಾನೆ ತಲೆಗೆ ಎರೆದುಕೊಂಡು, ಕೂದಲು ಆರುವ ಮೊದಲೇ ನನ್ನ ರಾಟಿಯ ಹತ್ತಿರ ಬಂದು ಕೂರುತ್ತಿದ್ದಿರಿ. ಬೆಟಗೇರಿಯ ನಮ್ಮ ಮನೆಯಲ್ಲಿ ಈಗ ಒಂದೇ ಮಗ್ಗ ಉಳಿದಿದೆ. ನಿಮ್ಮಪ್ಪ ಅಂಗಡಿಯ ಕೆಲಸಕ್ಕೆ ಹೋಗುವ ಮೊದಲೊಂದಿಷ್ಟು, ಬಂದ ಮೇಲೊಂದಿಷ್ಟು ನೇಯುತ್ತಾನೆ. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಿಕೊಡುವುದು ನನ್ನ ಕೆಲಸ. ದೊಡ್ಡಾಕಿ, ನೀನು ಸುತ್ತಿದ ಕಂಡಿಕೆಗಳನ್ನು ಬಣ್ಣ ನೋಡಿ ಬುಟ್ಟಿಗೆ ಹಾಕುತ್ತಿದ್ದಿ. ಸಣ್ಣಾವ, ನೀನು ಕೆಲಸ ಮಾಡಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು, ಆದರೂ ನನ್ನ ತೊಡೆಗೆ ಆನಿಕೊಂಡೇ ಕೆಡಿಸುತ್ತಿದ್ದಿ. ನನ್ನ ವಾರವೆಲ್ಲ ಆ ಒಂದು ದಿನದ ಕಡೆಗೆ ನಡೆಯುತ್ತಿತ್ತು.

ಆ ನಾಯಿಯನ್ನು ನಾನು ಮೊದಲು ನೋಡಿದ್ದು ಲಕ್ಷ್ಮೇಶ್ವರದಲ್ಲಿ, ನಿಮ್ಮ ಸಣ್ಣ ಮಾಮಾನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದಾಗ. ಮಂದಿ ಉಂಡು ಹೋಗಿದ್ದರು, ಮನೆಯವರಷ್ಟೇ ಪಡಸಾಲೆಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕುಳಿತಿದ್ದೆವು. ನರಿಯಂಥ ಮೂತಿ, ಕಂದು ಬೆನ್ನು, ಕೊರಳ ಸುತ್ತ ಬಿಳಿ ಶಾಲು ಹೊದ್ದಂಥ ಕೂದಲು. ನಾನು ಕಣ್ಣಿನಲ್ಲೇ ಅಳೆದೆ. ನೆಲದಿಂದ ಬೆನ್ನಿಗೆ ಒಂದೂವರೆ ಗೇಣು, ಮೇಲೆ ಎರಡು ಬೆರಳು.

"ಮರಿ ಏನ್ರಿ?" ಎಂದು ಕೇಳಿದೆ.

"ಮರಿ ಅಲ್ರಿ ಅಕ್ಕಾರ, ಎರಡು ವರ್ಷದ್ದೈತಿ. ಇದರ ಎತ್ತರಾನ ಇಷ್ಟು," ಎಂದರು ಬೀಗರು, ನಿಮ್ಮ ಲಕ್ಷ್ಮೇಶ್ವರದ ಆಯಿ. "ಪರದೇಶದಾಗ ಕುರಿ ಕಾಯೂ ಜಾತಿ. ಅದರಾಗ ಮಿನಿ. ಮನ್ಯಾಗ ಸಾಕಾಕ ಅಂತನ ಸಣ್ಣದು ಮಾಡ್ಯಾರ."

"ಇಲ್ಲೆ ಕುರಿ ಇಲ್ಲಲ್ರಿ."

"ನಾವದೀವಲ್ರಿ."

ಎಲ್ಲರೂ ನಕ್ಕರು. ಅವರು ಮಾತಾಡಿದರೆ ಯಾವಾಗಲೂ ಹಾಗೇ, ಮಂದಿ ನಗುತ್ತಾರೆ. ನಾನು ಅದೇ ಮಾತು ಆಡಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ನಾಯಿಗೆ ಮಂದಿ ಚೆದುರಿ ಕುಳಿತರೆ ಸಮಾಧಾನವಿಲ್ಲ. ನಿಮ್ಮಿಬ್ಬರ ಸುತ್ತ ಎರಡು ಸುತ್ತು ಹಾಕಿ, ಲಂಗದ ಅಂಚು ಕಚ್ಚಿ ಎಳೆದು, ಹಿಮ್ಮಡಿಗೆ ಮೂತಿ ತಾಗಿಸಿ ಪಡಸಾಲೆಯ ನಡುವೆ ತಂದು ನಿಲ್ಲಿಸಿತು. ಆಮೇಲೆ ನಿಮ್ಮವ್ವನನ್ನು ತಂದಿತು. ಕಡೆಗೆ ಗೋಡೆಯ ಮೂಲೆಯಲ್ಲಿ ಕುಳಿತ ನನ್ನ ಹತ್ತಿರ ಬಂದು ಮೊಣಕಾಲ ಕೆಳಗೆ ಮೂತಿಯಿಂದ ದೂಡತೊಡಗಿತು.

"ಏಳ್ರಿ ಅಕ್ಕಾರ, ಅದು ಬಿಡಂಗಿಲ್ಲ. ಮೂಲ್ಯಾಗ ಕುಂತವರನ್ನ ಕಂಡ್ರ ಅದಕ್ಕ ಆಗಂಗಿಲ್ಲ."

ನಾನು ಎದ್ದು ನಡುವೆ ಹೋಗಿ ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೀವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದಿರಿ. ನನ್ನ ಹತ್ತಿರ ಕುಳಿತಾಗ ನೀವು ಎಂದೂ ಹಾಗೆ ನಕ್ಕಿರಲಿಲ್ಲ. ನನಗೆ ಹೊಟ್ಟೆಕಿಚ್ಚು ಹತ್ತಿದ್ದು ಆಗ.

ಅಲ್ಲಿಂದ ರವಿವಾರ ಹೋಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಯುತ್ತಲೇ ಚೀಲ ಹೆಗಲಿಗೇರಿಸಿ ನಿಮ್ಮವ್ವನ ಕೂಡ ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಿದ್ದಿರಿ. ಮೊದಲು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದ ಊರು ವಾರ ವಾರದ ಊರಾಯಿತು. ಹೊರಡುವಾಗ ಒಂದು ದಿನ ಸಣ್ಣಾವ ಹೊಸ್ತಿಲಲ್ಲಿ ತಿರುಗಿ, "ಆಯಿ, ನೀನೂ ಒಂದು ನಾಯಿ ತಾ, ಅಂದ್ರ ನಾವು ಇಲ್ಲೇ ಇರ್ತೀವಿ," ಎಂದ. ಅವನು ಮಾತಿಗೆ ಅಂದದ್ದು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕುರ್ತಕೋಟಿಯಲ್ಲಿ ನನ್ನ ಅಣ್ಣನ ಎರೆ ಹೊಲವಿದೆ. ಜೋಳ ಕಿತ್ತ ಮೇಲೆ ಹೊಲಕ್ಕೆ ಗೊಬ್ಬರವಾಗಲಿ ಎಂದು ಕುರಿ ಹಿಂಡು ತರುಬಿಸುತ್ತಾರೆ. ಕುರುಬರು ಹಿಂಡನ್ನು ನಾಲ್ಕಾರು ದಿನ ಅಲ್ಲೇ ನಿಲ್ಲಿಸುತ್ತಾರೆ, ಹೊಲದವರು ಅವರಿಗೆ ಕಾಳು ಕೊಡುತ್ತಾರೆ. ಆ ವರ್ಷ ಹಿಂಡಿನ ನಾಯಿ ಐದು ಮರಿ ಹಾಕಿದೆ ಎಂಬ ಖಬರ ಅಣ್ಣನ ಹೆಂಡತಿ, ವೈನಿಯಿಂದ ಬಂತು. ನನ್ನ ಲೆಕ್ಕ ಹೀಗಿತ್ತು: ಅದೂ ಕುರಿ ಕಾಯುವ ನಾಯಿ, ಇದೂ ಕುರಿ ಕಾಯುವ ನಾಯಿ. ಐದರಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಆರಿಸಿದರೆ ಅದೇ ಮಿನಿ.

ಹೊಲಕ್ಕೆ ಹೋಗಿ ಐದೂ ಮರಿಗಳನ್ನು ಒಂದೊಂದಾಗಿ ಗೇಣಿನಲ್ಲಿ ಅಳೆದೆ. ಸೀರೆಯ ಪನ್ನ, ಅಂದರೆ ಅಗಲ, ಅಳೆದು ರೂಢಿಯಾದ ಕೈ, ಅಳತೆ ತಪ್ಪಲಿಲ್ಲ. ಒಂದು ಮರಿ ಉಳಿದವಕ್ಕಿಂತ ಎರಡು ಬೆರಳು ಕಡಿಮೆ ಇತ್ತು. ಅದನ್ನೇ ಸೆರಗಿನಲ್ಲಿ ಕಟ್ಟಿಕೊಂಡೆ. ಹಿಂಡಿನ ಮುದುಕ ಕಂಬಳಿ ಕೊಡವುತ್ತ ನಿಂತು ನೋಡುತ್ತಿದ್ದ.

"ಅವ್ವಾರ, ಮೈ ಅಳೀಬ್ಯಾಡ್ರಿ. ಅದರ ಕಾಲ ನೋಡ್ರಿ," ಎಂದು ಕೂಗಿದ.

ಗುರುತಿಲ್ಲದ ಗಂಡಸು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಸರಸರ ನಡೆದುಬಿಟ್ಟೆ. ಅವನು ಹಿಂದಿನಿಂದ ಇನ್ನೂ ಏನೋ ಹೇಳುತ್ತಿದ್ದ, ನಾನು ನಿಂತು ಕೇಳಲಿಲ್ಲ. ನಿಂತು ಕೇಳಿದ್ದರೆ, ಅಗಲ ಪಾದದ ಮರಿ ದೊಡ್ಡ ನಾಯಿಯಾಗುತ್ತದೆ ಎಂಬುದು ಅಂದೇ ತಿಳಿಯುತ್ತಿತ್ತು.

ಮೂರು ರವಿವಾರ ನೀವು ಬೆಟಗೇರಿ ಬಿಟ್ಟು ಕದಲಲಿಲ್ಲ. ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಹತ್ತಿರವೇ ಕುಳಿತಿರಿ. ನಾನು ಗೆದ್ದೆ ಎಂದುಕೊಂಡೆ. ದೊಡ್ಡಾಕಿ, ನಿಮ್ಮಿಬ್ಬರ ಎತ್ತರ ಗುರುತು ಮಾಡುವ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದ ಕಡ್ಡಿಯಿಂದ ಅದರದೂ ಗೀಟು ಹಾಕಿದೆ. ಗೀಟು ನಿಲ್ಲಲೇ ಇಲ್ಲ. ಎಂಟು ತಿಂಗಳಿಗೆ ಮೂರು ಗೇಣು ದಾಟಿತು. ನೂಲು ತರುವ ಸಾಹುಕಾರ ಒಳಗೆ ಬರುವುದನ್ನು ಬಿಟ್ಟು ಓಣಿಯಿಂದಲೇ, "ಅಜ್ಜಿ, ನಿಮ್ಮ ಮಿನಿನ ಹಿಡೀರಿ," ಎಂದು ಕೂಗಿ ಗಂಟನ್ನು ಕಟ್ಟೆಯ ಮೇಲಿಟ್ಟು ಹೋಗತೊಡಗಿದ.

ಎತ್ತರದ್ದಷ್ಟೇ ಆಗಿದ್ದರೆ ಆಗುತ್ತಿತ್ತು. ಸ್ವಭಾವವೂ ಬೇರೆ. ಚೆಂಡು ಎಸೆದರೆ ಅದು ಚೆಂಡನ್ನು ನೋಡುತ್ತದೆ, ಆಮೇಲೆ ನಿಮ್ಮನ್ನು ನೋಡುತ್ತದೆ, ಎದ್ದು ಹೋಗುವುದಿಲ್ಲ. ದಿನವೆಲ್ಲ ಹೊಸ್ತಿಲಲ್ಲಿ ನಮಗೆ ಬೆನ್ನು ಮಾಡಿ, ಓಣಿಯ ಕಡೆ ಮುಖ ಮಾಡಿ ಕೂರುತ್ತದೆ. ಅಣ್ಣ ಹೇಳಿದ, ನಮ್ಮ ಕಡೆಯ ಹಿಂಡಿನಲ್ಲಿ ಕುರಿ ಹೊಡೆಯುವವರು ಮನುಷ್ಯರು. ನಾಯಿ ಹಿಂಡಿನ ಅಂಚಿನಲ್ಲಿ ತೋಳದ ದಾರಿ ನೋಡುತ್ತ ಕೂರುವುದಷ್ಟೇ. ನನಗೆ ಅದು ಸರಿ ಕಂಡಿತು, ನಿಮಗೆ ಕಾಣಲಿಲ್ಲ.

"ಆಯಿ, ಇದು ನಿನ್ನಂಗ ಐತಿ. ಸುಮ್ಮ ಕುಂಡ್ರತೈತಿ," ಎಂದಳು ದೊಡ್ಡಾಕಿ. ಶನಿವಾರ ಮತ್ತೆ ಚೀಲಗಳು ಹೆಗಲಿಗೇರಿದವು.

ಹೀಗಿರುವಾಗ ಲಕ್ಷ್ಮೇಶ್ವರದ ಆಯಿಗೆ ಕಣ್ಣಿನ ಪೊರೆ ತೆಗೆಸುವುದಾಯಿತು. ಗದಗಿನಲ್ಲಿ ಆಪರೇಷನ್, ನಮ್ಮ ಮನೆಯಲ್ಲಿ ನಾಲ್ಕು ದಿನ ವಿಶ್ರಾಂತಿ. ನಾಯಿಯನ್ನೂ ತಂದರು, ಅದು ಅವರನ್ನು ಬಿಟ್ಟಿರುವುದಿಲ್ಲವಂತೆ. ಬಂದ ಅರ್ಧ ತಾಸಿನಲ್ಲಿ ಅದು ಮನೆಯನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು. ಮೂರು ಗೇಣಿನ ನನ್ನ ನಾಯಿಯ ಹಿಮ್ಮಡಿಗೆ ಬೊಗಳಿ ಬೊಗಳಿ ಹೊಸ್ತಿಲಿಂದ ಎಬ್ಬಿಸಿ ಪಡಸಾಲೆಗೆ ತಂದಿತು. ಅದೂ ತಲೆ ತಗ್ಗಿಸಿಕೊಂಡು ಬಂತು. ನನಗೆ ನನ್ನ ನಾಯಿಯ ಮೇಲೇ ಸಿಟ್ಟು ಬಂತು.

ಬೀಗರು ಊರಿಗೆ ಹೊರಟಾಗ ನಾಯಿ ನಮ್ಮಲ್ಲೇ ಉಳಿಯಿತು. ತಿಂಗಳ ಮಟ್ಟಿಗೆ ಬಗ್ಗಬಾರದು, ಧೂಳು ಕೂದಲು ಕಣ್ಣಿಗೆ ತಾಗಬಾರದು ಎಂದು ಡಾಕ್ಟರರು ಹೇಳಿದ್ದರು. ಆ ನಾಯಿಗೋ ದಿನಕ್ಕೆ ಎರಡು ಸಲ ಬಾಚದಿದ್ದರೆ ಕೂದಲು ಮನೆಯೆಲ್ಲ ಹಾರುತ್ತದೆ.

"ಹುಡುಗರು ಖುಷಿಲೆ ನೋಡಿಕೋತಾವ್ರಿ. ಬೇಕಂದ್ರ ಇಲ್ಲೇ ಇಟ್ಟುಕೊಂಡುಬಿಡ್ರಿ ಅಕ್ಕಾರ," ಎಂದು ಹಸಿರು ಬಟ್ಟೆ ಕಟ್ಟಿದ ಕಣ್ಣಿನಲ್ಲೇ ನಕ್ಕು ಹೋದರು.

ರವಿವಾರಗಳು ತಿರುಗಿ ಬಂದವು. ನೀವು ಮನೆಯಲ್ಲೇ ಇದ್ದಿರಿ, ನನ್ನ ರಾಟಿಯಿಂದ ನಾಲ್ಕು ಮಾರು ದೂರದಲ್ಲಿ, ಅದರ ಕೂಡ. ಎರಡನೆಯ ರವಿವಾರ ಲಕ್ಷ್ಮೇಶ್ವರದಿಂದ ಫೋನು ಬಂತು. ಸಣ್ಣಾವ ಸ್ಪೀಕರ್ ಹಚ್ಚಿ ನೆಲದ ಮೇಲಿಟ್ಟು ನಾಯಿಗೆ ಬಾಚುತ್ತ ಮಾತಾಡಿದ.

"ಬರೂ ವಾರರ ಬರ್ತೀರೇನ್ಲೇ? ನಿಮಗಂತ ಕರದಂಟು ತರಿಸೀನಿ."

"ಯಾಕ ಬರಬೇಕು ಆಯಿ? ನಾಯಿ ಇಲ್ಲೇ ಐತಲ್ಲ."

ಯಾವಾಗಲೂ ನಗಿಸುವ ಹೆಂಗಸು. "ಹೌದಲ್ಲ, ಅದೂ ಖರೇನ," ಎಂದಷ್ಟೇ ಹೇಳಿ ಫೋನು ಇಟ್ಟರು.

ನನಗೆ ಮೊದಲು ಖುಷಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ. ಎಷ್ಟು ಖುಷಿಯೆಂದರೆ ಕೈಯ ರಾಟಿ ತಾನೇ ಜೋರಾಯಿತು. ಆಮೇಲೆ ಕಂಡಿಕೆ ತುಂಬಿ, ಎಳೆ ಹರಿದು, ರಾಟಿ ನಿಂತಿತು. ನಿಂತಾಗ ಆ ಮನೆಯ ಪಡಸಾಲೆ ಕಣ್ಣಿಗೆ ಬಂತು. ಈಗ ಅಲ್ಲಿ ಯಾರೂ ಯಾರನ್ನೂ ನಡುವೆ ತಂದು ನಿಲ್ಲಿಸುವುದಿಲ್ಲ. ಅವರು ಕರದಂಟಿನ ಪೊಟ್ಟಣ ಮುಂದಿಟ್ಟುಕೊಂಡು ಒಂದು ಕಣ್ಣಿನಿಂದ ಬಾಗಿಲು ನೋಡುತ್ತ ಕುಳಿತಿರುತ್ತಾರೆ. ಆ ಕೂರುವುದು ಎಂಥದೆಂದು ಬೆಟಗೇರಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರು.

ತಿಂಗಳು ಮುಗಿದ ಮಾರನೆಯ ದಿನ, ನೀವು ಶಾಲೆಗೆ ಹೋದ ಮೇಲೆ, ನಾಯಿಯನ್ನು ನೂಲು ತರುವ ಕೈಚೀಲದಲ್ಲಿ ಕೂರಿಸಿಕೊಂಡು ನಾನೊಬ್ಬಳೇ ಬಸ್ಸಿಗೆ ಹೋದೆ. ನಿಮ್ಮವ್ವನಿಗೆ ಮಾತ್ರ ಹೇಳಿದ್ದೆ. ಅಷ್ಟು ದೂರಕ್ಕೆ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ನನ್ನ ನಾಯಿಯಾಗಿದ್ದರೆ ಚೀಲವಲ್ಲ, ಚಕ್ಕಡಿ ಬೇಕಾಗುತ್ತಿತ್ತು. ಇದು ಕೂದಲು ಬಿಟ್ಟರೆ ಏನೂ ಇಲ್ಲದಂಥ ತೂಕ.

"ಚೀಲದಾಗ ಏನೈತ್ರಿ ಅಜ್ಜಿ?" ಎಂದ ಕಂಡಕ್ಟರ್.

"ನೂಲು," ಎಂದೆ.

ಶಿರಹಟ್ಟಿಯಲ್ಲಿ ಮಂದಿ ಇಳಿಯತೊಡಗಿದರು. ತನ್ನ ಹಿಂಡು ಹೀಗೆ ಒಬ್ಬೊಬ್ಬರಾಗಿ ಬಿಟ್ಟು ಹೋಗುವುದನ್ನು ಅದು ಹೇಗೆ ನೋಡಿಕೊಂಡಿರುತ್ತದೆ. ಚೀಲದಿಂದ ತಲೆ ಹೊರಗೆ ಹಾಕಿ, ಇಳಿದವರನ್ನೆಲ್ಲ ತಿರುಗಿ ಕರೆಯುವಂತೆ ಬೊಗಳಿತು.

"ನಿಮ್ಮ ನೂಲು ಬೊಗಳತೈತಲ್ರಿ ಅಜ್ಜಿ."

ಬಸ್ಸೆಲ್ಲ ನಕ್ಕಿತು. ನಾನೂ ಸೆರಗಿನೊಳಗೆ ನಕ್ಕೆ. ನನ್ನ ಮಾತಿಗೆ ಮಂದಿ ನಕ್ಕದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಬೀಗರು ಬಾಗಿಲಲ್ಲೇ ಇದ್ದರು. ನಾಯಿ ಅವರ ಸುತ್ತ ಮೂರು ಸುತ್ತು ಹಾಕಿತು. ಅವರು ಬಗ್ಗಬಾರದೆಂಬುದನ್ನೂ ಮರೆತು ಬಗ್ಗಿದರು.

"ಯಾಕ ತಂದ್ರಿ ಅಕ್ಕಾರ? ಹುಡುಗರು ಅಳತಾವು," ಎಂದರು.

ನಾಯಿ ನನ್ನ ಮೊಣಕಾಲ ಕೆಳಗೆ ದೂಡಿ ಪಡಸಾಲೆಯ ನಡುವೆ, ಅವರ ಹತ್ತಿರ ತಂದಿತು. ಇಬ್ಬರೂ ಚಹಾ ಕುಡಿದೆವು. ನಾನು ನಾಲ್ಕರ ಒಳಗೆ ಮನೆ ಮುಟ್ಟಿದೆ.

ಇನ್ನು ನನ್ನ ತಪ್ಪು. ಶಾಲೆಯಿಂದ ಬಂದು ನಾಯಿ ಎಲ್ಲಿ ಎಂದು ಕೇಳಿದಾಗ, "ಲಕ್ಷ್ಮೇಶ್ವರದವರು ಒಯ್ದರು," ಎಂದುಬಿಟ್ಟೆ. ಒಳ್ಳೆಯ ಕೆಲಸ ಮಾಡಿಬಂದ ಬಾಯಿಯಲ್ಲೇ ಹೊಟ್ಟೆಕಿಚ್ಚು ಮಾತಾಡಿತು. ದೊಡ್ಡಾಕಿ, ನೀನು ಆಗಲೇ ಫೋನು ಹಚ್ಚಿ ಯಾಕೆ ಒಯ್ದಿ ಎಂದು ಕೇಳಿದಿ. ನಾನು ಒಲೆಯ ಮುಂದೆ ನಿಂತು ಕೇಳುತ್ತಿದ್ದೆ. ಅವರು, "ಹೂಂ, ನಾನ ಒಯ್ದೆ. ನನ್ನ ನಾಯಿ ನಾ ಒಯ್ದ್ರ ನಿನಗೇನಾತಬೇ?" ಎಂದರು. ನನ್ನ ಸುಳ್ಳನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು.

ನೀವು ಸಿಟ್ಟಾಗಿ ಮೂರು ವಾರ ಅಲ್ಲಿಗೆ ಹೋಗಲಿಲ್ಲ. ನನ್ನ ರಾಟಿಯ ಹತ್ತಿರ ಮೂತಿ ಊದಿಸಿಕೊಂಡು ಕುಳಿತಿರಿ. ನಾನು ಬಯಸಿದ ರವಿವಾರಗಳೇ ಅವು, ಆದರೆ ನನ್ನ ಕೈಯಲ್ಲಿ ಎಳೆ ಹರಿಯುತ್ತಲೇ ಇತ್ತು. ಈಗ ನೀವು ಮತ್ತೆ ಹೋಗುತ್ತೀರಿ, ಆದರೆ ನಾಯಿಯನ್ನು ಮಾತಾಡಿಸಿದಷ್ಟು ಅವರನ್ನು ಮಾತಾಡಿಸುವುದಿಲ್ಲ ಎಂದು ನಿಮ್ಮವ್ವ ಹೇಳಿದಳು. ಈ ಶನಿವಾರ ಹೋದಾಗ ಮೊದಲು ಅವರ ಹತ್ತಿರ ಕೂರಿರಿ. ಒಯ್ದವಳು ಬೆಟಗೇರಿ ಆಯಿ ಎಂದು ತಿಳಿದಿದೆ ಎನ್ನಿರಿ.

ಅವರು ಅಷ್ಟು ಸಹಜವಾಗಿ ನನ್ನನ್ನು ಕಾಯ್ದುಬಿಟ್ಟರಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ಅದು ನನಗೆ ಸಾಧ್ಯವಿರಲಿಲ್ಲ. ಇದನ್ನು ನಿಮ್ಮ ಮುಖ ನೋಡಿ ಹೇಳುವುದೂ ಸಾಧ್ಯವಿಲ್ಲದೆ ಬರೆದಿದ್ದೇನೆ. ಹೊಸ್ತಿಲಲ್ಲಿ ನನ್ನ ನಾಯಿ ಬೆನ್ನು ಮಾಡಿ ಕುಳಿತಿದೆ. ಓದಿದ ಮೇಲೆ ಈ ಹಾಳೆಗಳನ್ನು ಮಡಚಿ, ರಾಟಿಯ ಪಕ್ಕದ ಕಂಡಿಕೆ ಡಬ್ಬಿಯ ತಳದಲ್ಲಿ ಇಡಿರಿ. ಅಲ್ಲಿ ನೀರು ತಾಗುವುದಿಲ್ಲ, ಇಲಿಯೂ ಬರುವುದಿಲ್ಲ. ನಾನು ಇಲ್ಲದಾಗಲೂ ಜೋಪಾನ ಮಾಡಿರಿ.