ನಾಗವ್ವನ ತವರಿನ ರಕ್ತ

2022ರಲ್ಲಿ ನಾನು ಮುಂಬೈ ಬಳಿಯ ಠಾಣೆಯ ಒಂದು ರಕ್ತನಿಧಿಯಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಡೊಂಬಿವಲಿಯ ರೇಣುಕಾ ಎಂಬ ಗರ್ಭಿಣಿಯ ರಕ್ತದ ಮಾದರಿ ಬಂತು. ಮೇಲ್ನೋಟಕ್ಕೆ ‘ಓ’ ಗುಂಪು. ಆದರೆ ‘ಓ’ ರಕ್ತದೊಡನೆ ಬೆರೆಸಿದರೂ ಗಂಟುಗಟ್ಟಿತು. ಅದು ಬಾಂಬೆ ಬ್ಲಡ್ ಗ್ರೂಪ್. ಅಂಥವರಿಗೆ ಅದೇ ಗುಂಪಿನ ರಕ್ತವೇ ಬೇಕು. ಗರ್ಭದ ಮಾಸು (ಪ್ಲಾಸೆಂಟಾ) ಕೆಳಗಿದ್ದುದರಿಂದ ಸಿಸೇರಿಯನ್‌ನಲ್ಲಿ ಹೆಚ್ಚು ರಕ್ತ ಹೋಗುವ ಭಯವಿತ್ತು. ನಮಗೆ ಗೊತ್ತಿದ್ದ ದಾನಿಗಳಾರೂ ಆ ತಿಂಗಳು ಕೊಡುವಂತಿರಲಿಲ್ಲ.

ಈ ಗುಂಪಿನ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ರೇಣುಕಾಳ ತಂದೆತಾಯಿ ಸೋದರಸಂಬಂಧದಲ್ಲಿ ಮದುವೆಯಾದವರು. ಇಬ್ಬರಿಗೂ ಅಜ್ಜಿ ಒಬ್ಬಳೇ, ನಾಗವ್ವ. ಬ್ರಿಟಿಷರ ಕಾಲದಲ್ಲಿ ವಿಜಯಪುರದ ಕಡೆಯಿಂದ ಠಾಣೆ ಪಕ್ಕದ ಕಲ್ಯಾಣಕ್ಕೆ ಬಂದವಳು. ಅವಳ ಸಂತತಿಯಲ್ಲಿ ಸಿಕ್ಕವರನ್ನೆಲ್ಲ ಪರೀಕ್ಷಿಸಿದೆವು. ಯಾರದೂ ಹೊಂದಲಿಲ್ಲ. ಉಳಿದದ್ದು ಅವಳ ತವರು.

ನಾಗವ್ವನ ಮಗಳು, ಅಂದರೆ ರೇಣುಕಾಳ ಅಜ್ಜಿ ಶಿವವ್ವ, ತವರಿನ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು.

“ನಮ್ಮವ್ವ ಗಂಡ ಸತ್ತಮ್ಯಾಲ ರೈಲ್ವೆ ಕೆಲಸದಾಂವನ ಕೂಡ ಓಡಿ ಬಂದಾಕಿ, ಸಾಹೇಬ್ರ. ಆ ಊರಾಗ ಅದನ್ನ ಯಾವ ಬಾಯಿಲೆ ಹೇಳ್ಲಿ?”

“ನಾನೀ, ಶರಮ್ ಬಾದ್ ಮೇ, ನಾಚಿಕಿ ಆಮ್ಯಾಲ. ಪೈಲೆ ಊರ ಹೆಸರು ಹೇಳ,” ಎಂದಳು ರೇಣುಕಾ ಅಜ್ಜಿಗೆ.

ಶಿವವ್ವ ಹೇಳಿದರು, ನಾನು ಫೋನ್ ಮಾಡಲು ಒಪ್ಪಿದರು. ಆ ಊರಲ್ಲಿ ವಿಚಾರಿಸಿದಾಗ ನಾಗವ್ವನ ತವರುಮನೆಯ ಹಿರಿಯ ಬಸಪ್ಪ ಫೋನಿಗೆ ಸಿಕ್ಕರು. ನಾನು ನಾಗವ್ವನ ಹೆಸರಷ್ಟೇ ಹೇಳಿದೆ.

“ಆಕಿ ನಮ್ಮ ಸೋದರತ್ತಿ. ನಾ ಹುಟ್ಟೋಕಿಂತ ಮೊದಲ ಬಾಂವಿಗೆ ಬಿದ್ದು ಸತ್ಲಂತ. ಈಗೂ ಮಾನೌಮಿ ಅಮಾಸಿಗೆ ಆಕಿಗೊಂದು ಎಡಿ ಇಡ್ತೀವ್ರಿ.”

“ಹೆಣ ಸಿಕ್ಕಿತ್ತೇ?”

“ಇಲ್ರಿ. ಹಗ್ಗ, ಕೊಡ ಅಷ್ಟ ಬಾಂವಿ ದಂಡಿಗೆ ಇದ್ವಂತ.”

ಇಲ್ಲಿ ಮಕ್ಕಳನ್ನು ಹೆತ್ತು ಸಾಕುತ್ತಿದ್ದವಳಿಗೆ ಅಲ್ಲಿ ಸತ್ತವರ ಎಡೆ. ನಡೆದದ್ದನ್ನೂ ರಕ್ತ ಬೇಕಾದದ್ದನ್ನೂ ಹೇಳಿದೆ.

“ಬದುಕಿದ್ಲಾ?” ಎಂದರು ಬಸಪ್ಪ, ಮತ್ತೆ, “ನನ್ನ ಮೊಮ್ಮಕ್ಕಳು ಅಲ್ಲೇ ನಿಮ್ಮ ಠಾಣೆ ಹತ್ರ ಕೋಪರಿಯಾಗ ಹಮಾಲಿ ಮಾಡ್ತಾರ. ಕಳಸ್ತೀನಿ.”

ನಾಲ್ವರು ಬಂದರು. ಇಬ್ಬರ ರಕ್ತ ಹೊಂದಿತು; ಅವರ ತಂದೆತಾಯಿಯದೂ ಸೋದರಸಂಬಂಧದ ಮದುವೆ. ಶಸ್ತ್ರಕ್ರಿಯೆಯಲ್ಲಿ ಎರಡೂ ಚೀಲ ಬೇಕಾದವು. ತಾಯಿ ಉಳಿದಳು, ಹೆಣ್ಣು ಮಗು.

ವಾರ್ಡಿನ ಹೊರಗೆ, ರಕ್ತ ಕೊಟ್ಟ ಇಬ್ಬರಲ್ಲಿ ಕಿರಿಯವನಾದ ಮಲ್ಲಪ್ಪ ಶಿವವ್ವನಿಗೆ ಹೇಳಿದ: “ಆಯಿ, ನಿಮ್ಮವ್ವಗ ಇಟ್ಟ ಹೋಳಿಗಿ ಎಲ್ಲಾ ಸಣ್ಣಾಂವಿದ್ದಾಗ ನಾನ ತಿಂದೇನಿ. ಆಕಿದ ಆಕಿ ಕುಡಿಗೆ ಮುಟ್ಟಿಸೀನಿ ನೋಡ್ರಿ.”

ಶಿವವ್ವ ಅಳುತ್ತಲೇ ಅವನ ಬೆನ್ನಿಗೊಂದು ಗುದ್ದಿದರು.

ವಂಶವೃಕ್ಷ ಬರೆಯುವಾಗ ನಾವು ಹೆಂಗಸಿಗೆ ಒಂದು ವೃತ್ತ ಹಾಕುತ್ತೇವೆ. ತೀರಿಕೊಂಡಿದ್ದರೆ ಅದರ ಮೇಲೊಂದು ಓರೆಗೆರೆ. ಆ ಬಳಿಕ ನಿವೃತ್ತನಾಗುವವರೆಗೂ, ಹೆಣ ಕಂಡವರಾರು ಎಂದು ಕೇಳದೆ ನಾನು ಆ ಗೆರೆ ಎಳೆಯಲಿಲ್ಲ.