ಪಾಪಣ್ಣನವರ ಅಂಗಡಿ ಹೊಸಲು

ಪಾಪಣ್ಣನವರು ತಕ್ಕಡಿ ನೋಡಿಕೊಂಡು ತೂಗಿದ್ದನ್ನು ನಾನು ಕಂಡೇ ಇಲ್ಲ. ಕೈ ತಕ್ಕಡಿಯ ಮೇಲಿದ್ದರೆ ಕಣ್ಣು ಹೊಸಲಿನ ಮೇಲೆ. ಬೇಳೆ ಸುರಿಯುತ್ತಿರಲಿ, ಬೆಲ್ಲ ಒಡೆಯುತ್ತಿರಲಿ, ಬೀದಿಯ ನಾಯಿಯೊಂದು ಹೊಸಲಿಗೆ ಮೂಗು ತಾಗಿಸಿತೋ ಇಲ್ಲವೋ, ಮಗ್ಗುಲಲ್ಲಿಟ್ಟುಕೊಂಡ ಬಿದಿರು ಕಡ್ಡಿ ತಾನಾಗಿ ಎದ್ದು, ಹಕಾರ ಹೊರಳದ ಅವರ ಬಾಯಿಂದ "ಒರಗೆ!" ಎಂಬ ಕೂಗು ಹೊರಡುತ್ತಿತ್ತು. ಹೊಡೆದದ್ದು ಒಂದು ದಿನವೂ ಇಲ್ಲ. ಕಡ್ಡಿ ನೆಲಕ್ಕೆ ಬಡಿಯುತ್ತಿತ್ತು, ನಾಯಿ ಹಿಂದೆ ಸರಿಯುತ್ತಿತ್ತು, ತಕ್ಕಡಿಯ ಮುಳ್ಳು ಅಲ್ಲಾಡುತ್ತಲೂ ಇರಲಿಲ್ಲ. ಚಿನ್ನದ ಗಣಿಯೂರಾದ ಉರಿಗಾಂನ ಆ ಬೀದಿಯ ನಾಯಿಗಳಿಗೆಲ್ಲ ಆ ಒಂದು ಮಾತು ಬಾಯಿಪಾಠವಾಗಿತ್ತು.

ಅವರು ನನ್ನ ಗಂಡನ ಚಿಕ್ಕಪ್ಪ. ಐವತ್ತರ ದಶಕದ ನಡುವೆ ನಾನು ಬೂದಿಕೋಟೆಯಿಂದ ಮದುವೆಯಾಗಿ ಬಂದಾಗ ಮುಂದೆ ಅವರ ಅಂಗಡಿ, ಹಿಂದೆ ನಮ್ಮ ಸಂಸಾರ, ನಡುವೆ ಒಂದು ಬಾಗಿಲು. ಹೆಂಡತಿ ತೀರಿಹೋಗಿದ್ದರು, ಒಬ್ಬಳೇ ಮಗಳನ್ನು ಬಂಗಾರಪೇಟೆಗೆ ಕೊಟ್ಟಿದ್ದರು. ಪಂಚೆಯ ಮೇಲೆ ಅಂಗಿಯಿಲ್ಲದೆ ಬರೀ ಖಾಕಿ ಕೋಟು, ಕಿವಿಯಲ್ಲಿ ಕೆಂಪು ಹರಳು, ಮೀಸೆಯಲ್ಲಿ ಸದಾ ಒಂದಿಷ್ಟು ರಾಗಿಹಿಟ್ಟು. ನಾಯಿಗಳ ಶತ್ರುವೇನೂ ಅಲ್ಲ. ಬೆಳಗ್ಗೆ ಬಾಗಿಲು ತೆಗೆದೊಡನೆ ಹಳಸಿದ ಬನ್ನು, ಒಡೆದ ಬಿಸ್ಕತ್ತು ಬೀದಿಗೆ ಹಾಕುತ್ತಿದ್ದರು. "ಅವ್ಕೂ ಒಟ್ಟೆ ಐತಲ್ಲಮ್ಮ" ಎನ್ನುತ್ತಿದ್ದರು. ಆದರೆ ತಿಂಡಿ ಬೀದಿಯಲ್ಲಿ, ನಾಯಿಯೂ ಬೀದಿಯಲ್ಲಿ.

ಹೊಸದರಲ್ಲಿ ನಾನು ಇದನ್ನು ನೋಡಿ ಕಿಸಕ್ಕನೆ ನಕ್ಕಿದ್ದುಂಟು. ನಮ್ಮೂರಲ್ಲಿ ನಾಯಿ ಅಡುಗೆಮನೆ ಬಾಗಿಲಲ್ಲೇ ಮಲಗಿರುತ್ತಿತ್ತು. ಇದೇನು ಅಂಗಡಿಗೆ ಇಷ್ಟು ಮಡಿ ಅಂದೆ.

"ನಗಬ್ಯಾಡ ಕಣಮ್ಮ" ಅಂದರು. "ನಾನು ಚಿಕ್ ವಯಸ್ಸಲ್ಲಿ ಕೋರಮಂಡಲ್ ಕಡೆ ದೊರೆಗಳ ಅಂಗಡೀಗೆ ಸಾಮಾನು ತರಾಕೆ ಓಗಿದ್ದೆ. ಒಳಗೆ ಕಾಲಿಕ್ಬ್ಯಾಡ ಅಂತ ಜಗಲಿ ಕೆಳಗೇ ನಿಲ್ಲಿಸ್ದ್ರು. ತಲೆ ಮ್ಯಾಲೆ ಬೆಂಕಿಯಂತಾ ಬಿಸ್ಲು. ಇಣುಕಿ ನೋಡ್ತೀನಿ, ದೊರೆಸಾನಿ ನಾಯಿ ಬೆತ್ತದ ಕುರ್ಚಿ ಮ್ಯಾಲೆ ಕೂತ್ಕಂಡು ಬಿಸ್ಕತ್ ತಿಂತಾ ಐತೆ! ಅದು ನನ್ನ ನೋಡ್ತು, ನಾನು ಅದ್ನ ನೋಡ್ದೆ. ಅವತ್ತೇ ಅಂದ್ಕಂಡೆ, ದೇವ್ರು ನಂಗೊಂದು ಅಂಗಡಿ ಕೊಟ್ರೆ, ಮನ್ಸ ಅಂತ ಉಟ್ಟಿದೋನು ಯಾವನೇ ಆಗ್ಲಿ ಒಳಗೆ ಬರ್ಬೇಕು, ನಾಯಿ ಒರಗಿರ್ಬೇಕು ಅಂತ."

ಬರೀ ಮಾತಲ್ಲ, ಹಾಗೇ ನಡೆದುಕೊಂಡರು. ಬೇರೆ ಅಂಗಡಿಗಳಲ್ಲಿ ಮೆಟ್ಟಿಲ ಕೆಳಗೆ ಸೆರಗೊಡ್ಡಿ ನಿಲ್ಲಬೇಕಾಗಿದ್ದ ಗಣಿ ಕೂಲಿಗಳ ಸಾಲು ಲೈನುಮನೆಗಳ ಹೆಂಗಸರು ನಮ್ಮ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಮೂಟೆಯ ಮೇಲೆ ಕೂತು ಸೊಸೆಯರ ದೂರು ಹೇಳುತ್ತಿದ್ದರು. "ಬಾ, ಒಳಗ್ ಬಾ, ಬಿಸ್ಲಾಗ್ ಯಾಕ್ ನಿಂತಿದ್ದೀಯ" ಎಂದು ಕರೆಯುವುದರಲ್ಲಿ ಅವರಿಗೊಂದು ಸುಖವಿತ್ತು. ಇದನ್ನು ಕಂಡು ಮೂಗು ಮುರಿದು ಕೆಲವು ಮನೆತನದವರು ನಮ್ಮ ಅಂಗಡಿ ಬಿಟ್ಟರು. "ಓಗ್ಲಿ ಬಿಡು, ಅವರ ಅಕ್ಕಿ ಅವರಿಗೆ ದಕ್ಲಿ" ಅಂದರು, ಅಷ್ಟೆ.

ಒಂದು ಸಲ ಗಣಿಯ ಮೇಲಧಿಕಾರಿಯೊಬ್ಬರ ಹೆಂಡತಿ ಕಾರಿನಿಂದಿಳಿದು, ಕಂಕುಳಲ್ಲಿದ್ದ ಹತ್ತಿಯುಂಡೆಯಂಥ ನಾಯಿಯನ್ನು ಕೆಳಗೆ ಬಿಟ್ಟು ಅದರ ಹಿಂದೆಯೇ ಅಂಗಡಿಗೆ ಬಂದರು. ಪಾಪಣ್ಣನವರು ಎದ್ದು ಎರಡೂ ಕೈ ಮುಗಿದರು.

"ತಾಯಿ, ನೀವು ದಯಮಾಡ್ಸಿ. ಅದು ಮಾತ್ರ ಬ್ಯಾಡಿ."

"ಇದು ನಾಯಿಯಲ್ಲ ರೀ, ನನ್ನ ಮಗು!"

"ಮಗು ಆದ್ರೆ ಎರಡ್ ಕಾಲ್ ಮ್ಯಾಲೆ ನಡ್ಕಂಡು ಬರ್ಲಿ ತಾಯಿ, ನಾನೇ ಎತ್ಕಂಡು ಬೆಲ್ಲ ಕೊಡ್ತೀನಿ."

ಆಯಮ್ಮ ಕೆಂಪಗಾಗಿ ಕಾರು ಹತ್ತಿದರು. ಮೂಟೆಯ ಮೇಲಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು. ಲೈನುಮನೆಗಳಲ್ಲಿ ಎಷ್ಟೋ ದಿನ ಇದೇ ಮಾತು. ನನಗೂ ಆವತ್ತು ನಮ್ಮ ಚಿಕ್ಕಮಾವ ಎಂದು ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಆರೋಗ್ಯಮ್ಮನ ನಾಯಿ ಬಂತು. ಆರೋಗ್ಯಮ್ಮನ ಗಂಡ ಗಣಿಯೊಳಗೆ ಬಂಡೆ ಸಿಡಿದು ಸತ್ತಿದ್ದ. ಅವನು ಸಾಕಿದ ಕಂದು ನಾಯಿಯ ಹೆಸರು ಕ್ಯಾಪ್ಟನ್. ಗಣಿಯೊಳಗೆ ಕೂಲಿಗಳ ಮೇಲೆ ಕೂಗಾಡುವ ಮೇಸ್ತ್ರಿ ದೊರೆಗೆ ಕ್ಯಾಪ್ಟನ್ ಅನ್ನುತ್ತಿದ್ದರು; ಭೂಮಿಯ ಮೇಲಾದರೂ ಒಬ್ಬ ಕ್ಯಾಪ್ಟನ್ ನನ್ನ ಮಾತು ಕೇಳಲಿ ಎಂದು ಅವನು ಆ ಹೆಸರಿಟ್ಟಿದ್ದನಂತೆ. ಅವನು ಹೋದ ಮೇಲೆ ಆರೋಗ್ಯಮ್ಮನ ಕಣ್ಣಿಗೆ ಪೊರೆ ಬಂದು ನೆರಳಷ್ಟೇ ಕಾಣುವಂತಾಯಿತು. ಕ್ಯಾಪ್ಟನ್ನಿನ ಕೊರಳಿಗೆ ಹಗ್ಗ ಕಟ್ಟಿ, ಅದು ನಡೆದಂತೆ ನಡೆದು ಅಂಗಡಿಗೆ ಬರುತ್ತಿದ್ದಳು. ಎದುರಿಗೆ ಗಾಡಿ ಬಂದರೆ ನಾಯಿ ನಿಲ್ಲುತ್ತಿತ್ತು, ಇವಳೂ ನಿಲ್ಲುತ್ತಿದ್ದಳು.

ಮೊದಲ ದಿನ ಹೊಸಲಲ್ಲಿ ಕಡ್ಡಿ ಬಡಿಯಿತು.

"ಅಣ್ಣೇ, ಇವನು ನಾಯಿ ಅಲ್ಲ, ನನ್ನ ಕಣ್ಣು" ಅಂದಳು ಆರೋಗ್ಯಮ್ಮ, ತನ್ನ ತಮಿಳು ಬೆರೆತ ಕನ್ನಡದಲ್ಲಿ.

ಪಾಪಣ್ಣನವರು ಪೇಚಿಗೆ ಸಿಕ್ಕಿದರು. ಕಾರಿನವರಿಗೆ ಬೇಡ ಎಂದದ್ದನ್ನು ಇವಳಿಗೆ ಹೇಗೆ ಆಗಲಿ ಅನ್ನುವುದು? ಇವಳಿಗೆ ಬಿಟ್ಟರೆ ನಾಳೆ ಕಾರಿನವರು ಬಂದು ಕೇಳುವುದಿಲ್ಲವೇ? ತಾವೇ ಎದ್ದುಹೋಗಿ ಅವಳ ಕೈ ಹಿಡಿದು ಒಳಗೆ ತಂದು ಮೂಟೆಯ ಮೇಲೆ ಕೂರಿಸಿದರು. ಮಾರನೆಯ ದಿನ ಅಂಗಡಿ ಮುಂದಿನ ಬೇವಿನ ಮರಕ್ಕೆ ಒಂದು ಕಬ್ಬಿಣದ ಬಳೆ ಹೊಡೆಸಿದರು, ಪಕ್ಕದಲ್ಲಿ ನೀರಿಗೊಂದು ಡಬ್ಬಿ ಇಟ್ಟರು. "ಕ್ಯಾಪ್ಟನ್ ಸಾಯೇಬ್ರಿಗೆ ನೆರಳು, ನೀರು, ಎಲ್ಲಾ ಐತೆ. ಅಂಗಡಿ ಒಂದು ಬ್ಯಾಡ" ಅಂದರು. ಆರೋಗ್ಯಮ್ಮ ನಕ್ಕು ಒಪ್ಪಿದಳು. ಅಂದಿನಿಂದ ಅವಳು ಬಳೆಗೆ ಹಗ್ಗ ಸಿಕ್ಕಿಸುವುದು, ಇವರು ಕೈ ಹಿಡಿದು ಒಳಗೆ ತರುವುದು ನಡೆದುಬಂತು.

ನಮ್ಮ ಕಡೆ ಆಗ ನಾಯಿ ಹಿಡಿಯುವ ಗಾಡಿ ಬರುತ್ತಿತ್ತು. ಕೊರಳಲ್ಲಿ ಹಿತ್ತಾಳೆ ಬಿಲ್ಲೆಯಿಲ್ಲದ ನಾಯಿ ಬೀದಿಯಲ್ಲಿ ಸಿಕ್ಕರೆ ಕುಣಿಕೆ ಹಾಕಿ ಗಾಡಿಗೆ ಎಸೆದು, ಒಯ್ದು ಕೊಲ್ಲುತ್ತಿದ್ದರು. ಹೊಸಲು ದಾಟಿ ಒಳಗಿದ್ದ ನಾಯಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದಕ್ಕೇ ಲೈನುಮನೆಗಳಲ್ಲಿ ಒಂದು ರೂಢಿ. "ಗಾಡಿ ಬಂತು!" ಅಂತ ಕೂಗು ಕೇಳಿದರೆ ಸಾಕು, ಯಾರ ನಾಯಿಯಾದರೂ ಸರಿ, ಜಗಳವಾಡಿ ಮಾತು ಬಿಟ್ಟವರ ನಾಯಿಯಾದರೂ ಸರಿ, ಹತ್ತಿರದ ಬಾಗಿಲೊಳಗೆ ಎಳೆದುಕೊಂಡುಬಿಡಬೇಕು. ಗಾಡಿ ಹೋದ ಮೇಲೆ ಜಗಳ ಮುಂದುವರಿಸಿಕೊಳ್ಳಬಹುದು. ನಾಯಿಗಳೂ ಅದನ್ನು ಕಲಿತಿದ್ದವು. ಕೂಗು ಕೇಳಿದೊಡನೆ ಯಾವುದಾದರೊಂದು ಮನೆಗೆ ನುಗ್ಗುತ್ತಿದ್ದವು.

ಆವತ್ತು ಆರೋಗ್ಯಮ್ಮ ಮೂಟೆಯ ಮೇಲೆ ಕೂತಿದ್ದಳು. ಪಾಪಣ್ಣನವರು ಅಕ್ಕಿ ತೂಗುತ್ತ ಅವಳಿಗೆ ಏನೋ ತಮಾಷೆ ಹೇಳುತ್ತಿದ್ದರು. ನಾನು ನಡುಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದೆ. ಬೀದಿಯ ಕೊನೆಯಲ್ಲಿ ಕೂಗು ಎದ್ದಿತು. ಕ್ಯಾಪ್ಟನ್ ಜಗ್ಗಿದ್ದಕ್ಕೆ ಕುರುಡುಗೈಯಲ್ಲಿ ಸಿಕ್ಕಿಸಿದ್ದ ಹಗ್ಗ ಬಳೆಯಿಂದ ಕಳಚಿತು. ನಾಯಿ ಓಡಿಬಂದು ಮುಂಗಾಲೆರಡನ್ನೂ ಹೊಸಲಿನ ಒಳಗಿಟ್ಟಿತು.

"ಒರಗೆ!"

ಕಡ್ಡಿ ನೆಲಕ್ಕೆ ಬಡಿಯಿತು. ಎಂಥ ವಿಧೇಯ ನಾಯಿ ಅಂತೀರಿ, ಎರಡು ಕಾಲನ್ನೂ ಹಿಂದಕ್ಕೆ ತೆಗೆದುಕೊಂಡು ಬೀದಿಯಲ್ಲಿ ನಿಂತಿತು. "ಚಿಕ್ಕಮಾವ, ಗಾಡಿ!" ಎಂದು ನಾನು ಚೀರಿದೆ. ಅವರು ತಕ್ಕಡಿ ಬಿಸಾಡಿ ಬಾಗಿಲಿಗೆ ಹಾರುವಷ್ಟರಲ್ಲಿ ಕುಣಿಕೆ ಬಿದ್ದಿತ್ತು. ಅಯ್ಯೋ, ಆ ಸದ್ದು! ಅಕ್ಕಿಯೆಲ್ಲ ನೆಲದ ಪಾಲು. ಆರೋಗ್ಯಮ್ಮ "ಎನ್ನಾಚ್ಚು ಅಣ್ಣೇ, ಏನಾಯ್ತು?" ಎಂದು ಗಾಳಿಯಲ್ಲಿ ಕೈಯಾಡಿಸುತ್ತ ಎದ್ದಳು.

ಬಿಲ್ಲೆಯಿಲ್ಲ ಎಂದು ಗಾಡಿಯವರು ಪಾಪಣ್ಣನವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಇವರು ಸೈಕಲ್ ಹತ್ತಿ ಗಾಡಿಯ ಹಿಂದೆಯೇ ಹೋದರು. ಆರೋಗ್ಯಮ್ಮ ನಮ್ಮ ಮನೆಯಲ್ಲೇ ಕೂತಿದ್ದಳು, ನಾನು ಕೊಟ್ಟ ಕಾಫಿ ಆರಿಹೋಯಿತು. ದೀಪ ಹಚ್ಚುವ ಹೊತ್ತಿಗೆ ಅವರು ಒಬ್ಬರೇ ಬಂದರು.

"ಗಾಡಿಯಿಂದ ಆರ್ಕಂಡು ಓಡೋಯ್ತಂತೆ ಕಣಮ್ಮ, ಬಂಗಾರಪೇಟೆ ಕಡೆ" ಅಂದರು. "ಬುದ್ಧಿವಂತ ನಾಯಿ. ದಾರಿ ಗೊತ್ತದಕ್ಕೆ. ಬತ್ತದೆ, ಬಿಡು."

ಆರೋಗ್ಯಮ್ಮ ಶಿಲುಬೆ ಗುರುತು ಹಾಕಿಕೊಂಡಳು. ನಾನೂ ನಂಬಿದೆ.

ಮಾರನೆಯ ಬೆಳಗ್ಗೆ ಪಾಪಣ್ಣನವರು ಬಿದಿರು ಕಡ್ಡಿಯನ್ನು ಮುರಿದು ನನ್ನ ಒಲೆಗೆ ಹಾಕಿದರು. ಅಂದಿನಿಂದ ನಮ್ಮ ಅಂಗಡಿಗೆ ನಾಯಿಗಳ ಕಾಟ ಶುರುವಾಯಿತು. ಬೀದಿಯ ನಾಯಿಗಳು ಒಂದು ವಾರ ನಂಬಲಿಲ್ಲ, ಆಮೇಲೆ ನಂಬಿದವು. ಬೆಲ್ಲದ ಬುಟ್ಟಿಯ ಹಿಂದೆ ಒಂದು ಹೆಣ್ಣುನಾಯಿ ಮರಿ ಹಾಕಿತು. ಇನ್ನೊಂದು ಧಡಿಯ ಬಂದು ರಾಗಿಮೂಟೆಗೇ ಕಾಲೆತ್ತಿತು. ತೊಳೆಯುವವಳು ನಾನು ತಾನೆ! "ಇದು ಅಂಗಡಿಯೋ ನಾಯಿಮನೆಯೋ" ಎಂದು ಜನ ಬೈದರು, ನಾನೂ ಬೈದೆ. ತಿನ್ನುವ ಪದಾರ್ಥ ಇರುವ ಜಾಗಕ್ಕೆ ನಾಯಿ ಬರಬಾರದು ಅನ್ನುವುದು ತಪ್ಪು ಮಾತೇನಲ್ಲ, ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಅವರು ಮಾತ್ರ ಒಂದು ನಾಯಿಯನ್ನೂ ಅಟ್ಟಲಿಲ್ಲ. ಒಮ್ಮೆ ನಾನು ಬಹಳ ಕೂಗಾಡಿದಾಗ, "ಕೈ ಮುಂದಾಯ್ತು ಕಣಮ್ಮ, ಮನ್ಸು ಇಂದಾಯ್ತು" ಅಂದರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಅವರನ್ನು ತಿಂದದ್ದು ಬೇರೆ. ಆರೋಗ್ಯಮ್ಮ ಮತ್ತೆಂದೂ ಹೊಸಲು ದಾಟಲಿಲ್ಲ. ಕೋಲೂರಿಕೊಂಡು ಬಂದು ಬೇವಿನ ಮರದ ಹತ್ತಿರ, ಆ ಬಳೆಯ ಮೇಲೆ ಕೈಯಿಟ್ಟು ನಿಂತು, ಅಲ್ಲಿಂದಲೇ ಬೇಕಾದ್ದು ಕೇಳುತ್ತಿದ್ದಳು.

"ಒಳಗ್ ಬಾ ಆರೋಗ್ಯಮ್ಮ, ಬಿಸ್ಲು."

"ಪರವಾಯಿಲ್ಲೆ ಅಣ್ಣೇ. ಇಲ್ಲೇ ನಿಂತ್ಕೊತೀನಿ."

ಆಗ ಪಾಪಣ್ಣನವರ ಮುಖ ನೋಡಲಾಗುತ್ತಿರಲಿಲ್ಲ. ಯಾವ ಮನುಷ್ಯನೂ ತನ್ನ ಅಂಗಡಿಯ ಹೊರಗೆ ನಿಲ್ಲಬಾರದು ಎಂದು ಶಪಥ ಮಾಡಿದವರ ಎದುರಿಗೆ, ಒಳಗೆ ನಾಯಿಗಳು ಹಾಯಾಗಿ ಮಲಗಿದ್ದವು, ಹೊರಗೆ ಬಿಸಿಲಲ್ಲಿ ಒಬ್ಬ ಕುರುಡಿ ನಿಂತಿದ್ದಳು. ಅಕ್ಕಿ, ಬೇಳೆ ತೂಗಿ ತಾವೇ ಎತ್ತಿಕೊಂಡು ಬೀದಿಗಿಳಿದು, ಅವಳ ಚೀಲಕ್ಕೆ ಸುರಿದು ಬರುತ್ತಿದ್ದರು. ವರ್ಷಗಟ್ಟಲೆ ಹಾಗೇ ನಡೆಯಿತು. ಯಾಕೆ ಬರುವುದಿಲ್ಲ ಎಂದು ಅವರು ಕೇಳಲಿಲ್ಲ. ಕೇಳುವ ಧೈರ್ಯ ಅವರಿಗಿರಲಿಲ್ಲ.

ಅರವತ್ತರ ದಶಕದ ಕೊನೆಗೆ ಅವರಿಗೆ ಉಬ್ಬಸ ಹೆಚ್ಚಾಗಿ ಮಗಳು ಬಂಗಾರಪೇಟೆಗೆ ಕರೆದೊಯ್ದಳು. ತಕ್ಕಡಿ ನನ್ನ ಕೈಗೆ ಬಂತು. ಕಡೆಯ ಸಲ ನೋಡಲು ಹೋದಾಗ ಸ್ಟೇಷನ್ನಿನ ಹಿಂದಿನ ಆ ಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಖಾಕಿ ಕೋಟು ಮೈಮೇಲೆ ಸಡಿಲವಾಗಿ ಜೋತಿತ್ತು. ಅಂಗಡಿ ಹೇಗೆ, ಮಕ್ಕಳು ಹೇಗೆ, ಯಾವುದನ್ನೂ ಕೇಳಲಿಲ್ಲ.

"ಆರೋಗ್ಯಮ್ಮ ಒಳಗ್ ಬಂದ್ಲಾ?"

"ಇಲ್ಲ ಚಿಕ್ಕಮಾವ."

"ಬರಾಕಿಲ್ಲ ಬಿಡು. ಅವಳ್ಗೆ ಗೊತ್ತಾಗೈತೆ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. "ಅವತ್ತು ನಾನು ಸುಳ್ಳೇಳ್ದೆ ಕಣಮ್ಮ. ನಾನು ಓಗೋವೊತ್ತಿಗೆ ಮುಗಿಸ್ಬಿಟ್ಟಿದ್ರು. ಕೊರಳಲ್ಲಿ ಅವಳ ಅಗ್ಗ ಅಂಗೇ ಇತ್ತು. ಯಾರೋ ಏಳಿರ್ತಾರೆ ಅವಳ್ಗೆ. ಅದ್ಕೇ ಒರಗೆ ನಿಂತು ನನ್ನ ಸಾಯಿಸ್ತಾವ್ಳೆ. ಸಾಯಿಸ್ಲಿ. ಅವಳ ಕೋಪ ನ್ಯಾಯ."

ಅವರ ಕಾಲೊತ್ತುತ್ತ ಕೂತೆ. ನಾನು ಊರಿಗೆ ಬಂದ ವಾರದಲ್ಲೇ ಅವರು ಹೋದ ಸುದ್ದಿ ಬಂತು.

ಸೂತಕ ಕಳೆದು ಅಂಗಡಿ ತೆಗೆದ ದಿನ ಆರೋಗ್ಯಮ್ಮ ಕೋಲೂರಿಕೊಂಡು ಬಂದಳು. ಅಣ್ಣೇ ಹೋದರಲ್ಲಾ ಎಂದು ಗೋಳಾಡಿ ಅತ್ತಳು. ಅತ್ತದ್ದೂ ಬೇವಿನ ಮರದ ಹತ್ತಿರವೇ. ನನಗೆ ಎಲ್ಲಿತ್ತೋ ಸಿಟ್ಟು, ತಡೆಯಲಾಗಲಿಲ್ಲ.

"ಆರೋಗ್ಯಮ್ಮ, ಸತ್ತವರ ಮೇಲೂ ನಿನ್ನ ಹಟವಾ? ಅವರು ನಿನ್ನ ಕೋಪಕ್ಕೇ ಕೊರಗಿ ಕೊರಗಿ ಹೋದರು. ಇನ್ನಾದರೂ ಒಳಗೆ ಬರಬಾರದಾ?"

ಅವಳು ಸ್ವರ ಬಂದ ಕಡೆಗೆ ಮುಖವೆತ್ತಿ ದಂಗಾಗಿ ನಿಂತಳು.

"ಕೋಪವಾ? ಐಯೋ, ನಂಗೆ ಅಣ್ಣೇ ಮೇಲೆ ಕೋಪವಾ? ಯಾರಮ್ಮ ಹಂಗೆ ಹೇಳಿದ್ದು?" ಅವಳ ಕೈ ಇನ್ನೂ ಆ ಬಳೆಯ ಮೇಲಿತ್ತು. "ಕ್ಯಾಪ್ಟನ್ ಇಲ್ಲೇ ತಾನೆ ನನ್ನ ಬಿಟ್ಟು ಹೋಗಿದ್ದು? ಅವನಿಗೆ ಅಂಗಡಿ ಒಳಗೆ ಬರೋಕಾಗಲ್ಲ, ಪಾವಂ. ನಾನು ಒಳಗೆ ಕೂತಿದ್ದಾಗ ಅವನು ಬಂದು, ನೋಡಿ, ಇಲ್ಲ ಅಂತ ಹೊರಟುಹೋದರೆ? ಅದಕ್ಕೇ ಇಲ್ಲೇ ನಿಂತ್ಕೊಳ್ಳೋದು. ಬತ್ತದೆ ಅಂತ ಅಣ್ಣೇನೇ ಹೇಳಿದ್ದರಲ್ಲಾ. ಅವರು ಸುಳ್ಳು ಹೇಳೋ ಮನುಷ್ಯರಾ?"

ಅಯ್ಯೋ ನನ್ನಪ್ಪನೇ. ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ! ಇಷ್ಟು ವರ್ಷ ಅವರು ಶಿಕ್ಷೆ ಎಂದುಕೊಂಡದ್ದು, ಅವಳು ಅವರ ಮಾತಿನ ಮೇಲಿಟ್ಟ ನಂಬಿಕೆಯಾಗಿತ್ತು.

"ಇಲ್ಲಮ್ಮ, ಅವರು ಸುಳ್ಳು ಹೇಳುವವರಲ್ಲ" ಅಂದೆ. ಒಳಗೆ ಹೋಗಿ ಅಕ್ಕಿ ತೂಗಿದೆ, ಎತ್ತಿಕೊಂಡು ಬೀದಿಗಿಳಿದು ಅವಳ ಚೀಲಕ್ಕೆ ಸುರಿದೆ.